ನಿಂತ ಕಾಲನ್ನು ನಡೆಸುವ ಗೆರೆಗಳು

ಪಾರ್ಕಿನ್ಸನ್ ಕಾಯಿಲೆ ಇರುವ ಮನೆಗಳಲ್ಲಿ ಒಂದು ಸಂಗತಿ ಎಲ್ಲರನ್ನೂ ಕಂಗೆಡಿಸುತ್ತದೆ. ಮಹಡಿಯ ಮೆಟ್ಟಿಲುಗಳನ್ನು ಸಲೀಸಾಗಿ ಹತ್ತಿ ಬಂದ ಹಿರಿಯರು, ಮೆಟ್ಟಿಲು ಮುಗಿದು ಸಮನೆಲ ಸಿಕ್ಕ ಕೂಡಲೇ ನಿಂತುಬಿಡುತ್ತಾರೆ. ಮೈ ಮುಂದಕ್ಕೆ ವಾಲುತ್ತದೆ, ಮೊಣಕಾಲು ಅದುರುತ್ತದೆ, ಪಾದ ಮಾತ್ರ ನೆಲ ಬಿಡುವುದಿಲ್ಲ. ನೋಡುವವರಿಗೆ ಇದು ಹಟ ಅನ್ನಿಸಬಹುದು, ಸೋಮಾರಿತನ ಅನ್ನಿಸಬಹುದು. "ಮೆಟ್ಟಿಲು ಹತ್ತೋಕೆ ಆಗುತ್ತೆ, ಊಟದ ಮೇಜಿನ ತನಕ ನಾಲ್ಕು ಹೆಜ್ಜೆ ಬರೋಕೆ ಆಗಲ್ವಾ?" ಎಂಬ ಮಾತು ಇಂದಲ್ಲ ನಾಳೆ ಯಾರದಾದರೂ ಬಾಯಿಂದ ಬಂದೇ ಬರುತ್ತದೆ. ಬೇಕೆಂದೇ ನಿಂತಿದ್ದೀಯ ಎಂಬ ಆ ಆರೋಪ ರೋಗಿಗೆ ಆಗುವ ದೊಡ್ಡ ಅನ್ಯಾಯ. ಏಕೆಂದರೆ ಮೆಟ್ಟಿಲು ಹತ್ತಬಲ್ಲವರು ಸಮನೆಲದಲ್ಲಿ ನಿಲ್ಲುವುದು ಈ ಕಾಯಿಲೆಯ ಸಹಜ ಲಕ್ಷಣ.

ಈ ವಿಚಿತ್ರದ ಒಳಗೇ ಪರಿಹಾರದ ಒಂದು ಎಳೆಯೂ ಇದೆ. ಮೆಟ್ಟಿಲು ಕಣ್ಣಿಗೆ ಏನನ್ನು ತೋರಿಸುತ್ತದೋ ಅದನ್ನು ಸಮನೆಲದ ಮೇಲೂ ತೋರಿಸಿದರೆ ಬಹಳ ಜನರ ಕಾಲು ಏಳುತ್ತದೆ. ಅದಕ್ಕೆ ಬೇಕಾಗುವುದು ಕೆಲವು ಅಡ್ಡಗೆರೆಗಳು. ಹಾರ್ಡ್‌ವೇರ್ ಅಂಗಡಿಯ ಬಣ್ಣದ ಟೇಪು ಸಾಕು. ಇದನ್ನು ಮನೆಮದ್ದು ಎಂದು ತಳ್ಳಿಹಾಕುವವರೂ ಇದ್ದಾರೆ, ಪವಾಡ ಎಂದು ಹಂಚಿಕೊಳ್ಳುವವರೂ ಇದ್ದಾರೆ. ಎರಡೂ ಸರಿಯಲ್ಲ. ಇದರ ಹಿಂದೆ ಐವತ್ತು ವರ್ಷಕ್ಕೂ ಮೀರಿದ ಅಧ್ಯಯನವಿದೆ, ಸ್ಪಷ್ಟವಾದ ಮಿತಿಗಳೂ ಇವೆ. ಅದಕ್ಕಿಂತ ಮುಖ್ಯವಾಗಿ, ಈ ವಿದ್ಯೆಯ ಬಹುಪಾಲನ್ನು ಕಂಡುಕೊಂಡವರು ರೋಗಿಗಳು ಮತ್ತು ಅವರ ಮನೆಯವರು. ಪ್ರಯೋಗಾಲಯಗಳು ಅವರ ಹಿಂದೆ ಬಂದವು.

ಕಾಲು ಹೀಗೆ ಕಚ್ಚಿಕೊಳ್ಳುವುದನ್ನು ವೈದ್ಯರು ಫ್ರೀಜಿಂಗ್ ಎನ್ನುತ್ತಾರೆ. ನಡೆಯಬೇಕೆಂಬ ಮನಸ್ಸಿದ್ದೂ ಪಾದಗಳು ಕೆಲವು ಕ್ಷಣ ಮುಂದೆ ಸಾಗದೇ ಇರುವ ಸ್ಥಿತಿ ಅದು. ಕಾಯಿಲೆ ಹಳೆಯದಾದಂತೆ ಇದು ಹೆಚ್ಚು. ಎಲ್ಲೆಂದರಲ್ಲಿ ಬರುವುದಿಲ್ಲ, ಅದಕ್ಕೆ ತನ್ನದೇ ಜಾಗಗಳಿವೆ: ಬಾಗಿಲು, ಇಕ್ಕಟ್ಟಾದ ಪ್ಯಾಸೇಜು, ತಿರುಗುವ ಮೂಲೆ, ಕುರ್ಚಿಯ ಹತ್ತಿರ ಬಂದಾಗಿನ ಕೊನೆಯ ಎರಡು ಹೆಜ್ಜೆ, ಕೂತಲ್ಲಿಂದ ಎದ್ದಾಗಿನ ಮೊದಲ ಹೆಜ್ಜೆ. ಅವಸರ, ಗಾಬರಿ, ಜನರ ಮುಂದೆ ನಡೆಯುವ ಮುಜುಗರ ಇದನ್ನು ಹೆಚ್ಚಿಸುತ್ತವೆ. ಕೈಯಲ್ಲಿ ಕಾಫಿ ಲೋಟ ಹಿಡಿದಿದ್ದರೆ, ಮಾತಾಡುತ್ತಾ ನಡೆದರೆ ಇನ್ನೂ ಕಷ್ಟ. ಮಾತ್ರೆಯ ಪ್ರಭಾವ ಇಳಿದ ಹೊತ್ತಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೂ ಕೆಲವರಿಗೆ ಉಳಿದುಕೊಳ್ಳುತ್ತದೆ. ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಪ್ರಸಂಗಗಳ ಹಿಂದೆ ಅನೇಕ ಬಾರಿ ಇದೇ ಇರುತ್ತದೆ. ಮೇಲಿನ ಮೈ ಹೊರಟಿರುತ್ತದೆ, ಕಾಲು ಹೊರಟಿರುವುದಿಲ್ಲ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಬರೆದ ಪ್ರಬಂಧದಲ್ಲೇ ಇದರ ಸುಳಿವಿದೆ. ಅಲ್ಲಿ ಒಬ್ಬ ರೋಗಿಯ ಎದುರು ಸಹಾಯಕ ನಿಂತು, ಹೆಗಲಿಗೆ ಅಂಗೈ ಒತ್ತಿ, ಅವನನ್ನು ಹಿಂದೆ ಮುಂದೆ ತೂಗಿ ಸಮತೋಲಕ್ಕೆ ತಂದು, ಆಮೇಲೆ ಹೊರಡು ಎಂದು ಹೇಳುತ್ತಾನೆ. ತಕ್ಷಣ ಸಹಾಯಕ ಪಕ್ಕಕ್ಕೆ ಸರಿಯುತ್ತಾನೆ, ರೋಗಿ ಓಡುನಡಿಗೆಯಲ್ಲಿ ಹೊರಡುತ್ತಾನೆ, ಸಹಾಯಕ ಮುಂದೆ ಓಡಿ ಅವನನ್ನು ಹಿಡಿಯಲು ಕಾಯುತ್ತಾನೆ. ಕಾಯಿಲೆಗೆ ಹೆಸರಿಡುವುದಕ್ಕೂ ಮೊದಲೇ ರೋಗಿಯ ಜೊತೆಗಿದ್ದವರು ಅದನ್ನು ಏಮಾರಿಸುವ ದಾರಿ ಹುಡುಕಿಕೊಂಡಿದ್ದರು. 1921ರಲ್ಲಿ ಫ್ರಾನ್ಸಿನ ನರವೈದ್ಯ ಸೂಕ್, ಬಿಗಿದುಕೊಂಡ ರೋಗಿಗಳು ಕೆಲವು ಸಂದರ್ಭಗಳಲ್ಲಿ ಇದ್ದಕ್ಕಿದ್ದಂತೆ ಚುರುಕಾಗಿ ಚಲಿಸುವುದಕ್ಕೆ ವಿರೋಧಾಭಾಸದ ಚಲನೆ ಎಂಬ ಅರ್ಥದ ಹೆಸರು ಕೊಟ್ಟರು. ನೆಲದ ಗೆರೆಗಳನ್ನು ಗಂಭೀರ ವೈದ್ಯಕೀಯ ಚರ್ಚೆಗೆ ತಂದವರು ಬ್ರಿಟಿಷ್ ನರವೈದ್ಯ ಜೇಮ್ಸ್ ಪರ್ಡನ್ ಮಾರ್ಟಿನ್. ನಡೆಯುವ ದಾರಿಗೆ ಅಡ್ಡವಾಗಿ ಗೆರೆಗಳಿದ್ದರೆ ಪಾರ್ಕಿನ್ಸನ್ ರೋಗಿಗಳು ಅವುಗಳ ಮೇಲೆ ಹೆಜ್ಜೆ ಎತ್ತಿ ಇಟ್ಟು ನಡೆಯುತ್ತಾರೆಂದೂ ಗೆರೆಗಳು ದಾರಿಯ ಉದ್ದಕ್ಕೆ ಇದ್ದರೆ ಆ ಉಪಯೋಗ ಇಲ್ಲವೆಂದೂ ಅವರ ಅವಲೋಕನಗಳು ತೋರಿಸಿದವು. ಅವರ ಪುಸ್ತಕ ಬಂದದ್ದು 1967ರಲ್ಲಿ.

ಅದೇ ಕಾಲದ ನ್ಯೂಯಾರ್ಕಿನ ಒಂದು ಚಿತ್ರ ನನಗೆ ಬಹಳ ಇಷ್ಟ. ನಿದ್ರಾರೋಗದ ಸೋಂಕಿನ ನಂತರ ದಶಕಗಳ ಕಾಲ ಬಿಗಿದು ಕುಳಿತಿದ್ದ ರೋಗಿಗಳ ಬಗ್ಗೆ ಆಲಿವರ್ ಸ್ಯಾಕ್ಸ್ 1973ರಲ್ಲಿ 'ಅವೇಕನಿಂಗ್ಸ್' ಬರೆದರು. ಅದರಲ್ಲಿ ಬರುವ ಒಬ್ಬ ಮಹಿಳೆ ಸಣ್ಣ ಸಣ್ಣ ಕಾಗದದ ಉಂಡೆಗಳನ್ನು ಜೊತೆಗಿಟ್ಟುಕೊಂಡಿರುತ್ತಾರೆ. ಕಾಲು ಕಚ್ಚಿಕೊಂಡಾಗ ಒಂದು ಉಂಡೆಯನ್ನು ಎದುರಿಗೆ ಬೀಳಿಸುವುದು, ಆ ಬಿಳಿ ಚುಕ್ಕೆ ಕಂಡದ್ದೇ ಕಾಲೆತ್ತುವುದು. ಕ್ಯಾಲಿಫೋರ್ನಿಯಾದ ಥಾಮಸ್ ರೀಸ್ ಪಾದಚಿಕಿತ್ಸಕರು, ಸ್ವತಃ ಪಾರ್ಕಿನ್ಸನ್ ರೋಗಿ. ಅವರು ನೆಲದ ಮೇಲೆ ಇಸ್ಪೀಟಿನ ಎಲೆಗಳನ್ನು ಹರವಿ ಅವುಗಳನ್ನು ದಾಟುತ್ತಾ ನಡೆಯುತ್ತಿದ್ದರು. 1990ರ ದಶಕದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಅದೇ ಆಲೋಚನೆಯನ್ನು ಕನ್ನಡಕಕ್ಕೆ ಇಳಿಸಿ, ಕಣ್ಣೆದುರು ಕಾಲ್ಪನಿಕ ಗುರುತುಗಳು ತೇಲುವಂತೆ ಮಾಡಲು ಹೊರಟಿತು. ಇಸ್ಪೀಟಿನ ಎಲೆಯಿಂದ ಕಂಪ್ಯೂಟರ್ ಕನ್ನಡಕದವರೆಗಿನ ಆ ದಾರಿಯನ್ನು ತೆರೆದವರು ಒಬ್ಬ ರೋಗಿ.

ನಮ್ಮ ದೇಶದ ನಂಟಿರುವ ಉದಾಹರಣೆಯೂ ಇದೆ. ಭಾರತದ ವಿನ್ಯಾಸಕಿ ಮಿಲೇಹಾ ಸೋನೆಜಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಓದಿದವರು. ಸಮನೆಲದಲ್ಲಿ ತಡವರಿಸುತ್ತಿದ್ದ ತಮ್ಮ ಕುಟುಂಬದ ಹಿರಿಯರೊಬ್ಬರು ಮೆಟ್ಟಿಲನ್ನು ಮಾತ್ರ ನಿರಾಯಾಸವಾಗಿ ಇಳಿಯುವುದನ್ನು ಅವರು ನೋಡಿದರು. ಮೆಟ್ಟಿಲಿನ ಚಿತ್ರವನ್ನೇ ನೆಲದ ಮೇಲೆ ಹಾಸಿದರೆ ಹೇಗೆ ಎಂದು ಯೋಚಿಸಿ, ಮೆಟ್ಟಿಲೆಂಬ ಭ್ರಮೆ ಹುಟ್ಟಿಸುವ ಚಿತ್ರವನ್ನು ಮನೆಯ ನೆಲಕ್ಕೆ ಹಾಕಿದರು. ಹಿರಿಯರು ಅದರ ಮೇಲೆ ನಡೆದರು. ಸೋನೆಜಿ ಇದನ್ನು ಟೆಡ್ ವೇದಿಕೆಯಲ್ಲಿ ಹೇಳಿದ್ದರಿಂದ ಜಗತ್ತಿಗೆಲ್ಲ ತಿಳಿಯಿತು. ಅವರು ಮಾಡಿದ ಮುಖ್ಯ ಕೆಲಸ ಚಿತ್ರ ಬಿಡಿಸಿದ್ದಲ್ಲ. ಮನೆಯಲ್ಲಿ ಕೂತು, ಆ ಒಬ್ಬ ಮನುಷ್ಯನ ನಡಿಗೆ ಎಲ್ಲಿ ಕೆಡುತ್ತದೆ, ಎಲ್ಲಿ ಸರಿಹೋಗುತ್ತದೆ ಎಂದು ನೋಡಿದ್ದು.

ಗೆರೆ ಏಕೆ ಕೆಲಸ ಮಾಡುತ್ತದೆ? ಆರೋಗ್ಯವಂತರು ಹೆಜ್ಜೆಯನ್ನು ಯೋಚಿಸಿ ಇಡುವುದಿಲ್ಲ. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಗಂಟುಗಳು ನಡಿಗೆಯನ್ನು ಅಭ್ಯಾಸಬಲದಿಂದ ನಡೆಸಿಕೊಂಡು ಹೋಗುತ್ತವೆ. ಹೆಜ್ಜೆ ಎಷ್ಟು ದೊಡ್ಡದಿರಬೇಕು, ಮುಂದಿನದು ಯಾವಾಗ ಎಂಬ ಲೆಕ್ಕವನ್ನು ತಾವೇ ನೋಡಿಕೊಳ್ಳುತ್ತವೆ. ಈ ಕಾಯಿಲೆಯಲ್ಲಿ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದಾಗ ಈ ಒಳಗಿನ ಲೆಕ್ಕ ಕೈಕೊಡುತ್ತದೆ. ಕಾಲಿನ ಸ್ನಾಯುವಿಗೆ ಬಲವಿದೆ, ನಡೆಯುವ ವಿದ್ಯೆ ಮರೆತಿಲ್ಲ, ಹೊರಡಿಸುವ ಸೂಚನೆ ಮಾತ್ರ ಸಾಲುತ್ತಿಲ್ಲ. ಮೆಲ್ಬರ್ನ್‌ನಲ್ಲಿ ಮೆಗ್ ಮಾರಿಸ್ ಮತ್ತು ರಾಬರ್ಟ್ ಐಯಾನ್ಸೆಕ್ ಅವರ ತಂಡ 1994 ಮತ್ತು 1996ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ವಿಷಯದಲ್ಲಿ ಇಂದಿಗೂ ಅಡಿಪಾಯ. ಕೆಟ್ಟಿರುವುದು ಹೆಜ್ಜೆಯ ಉದ್ದ ಎಂದು ಅವರು ತೋರಿಸಿದರು. ಅದೇ ವಯಸ್ಸಿನ ಆರೋಗ್ಯವಂತರ ಹೆಜ್ಜೆಯ ಅಳತೆಗೆ ಬಿಳಿ ಪಟ್ಟಿಗಳನ್ನು ಹಾಸಿದಾಗ ರೋಗಿಗಳ ಹೆಜ್ಜೆಯೂ ಆ ಉದ್ದಕ್ಕೆ ಬಂತು. ಒಮ್ಮೆ ಅಭ್ಯಾಸ ಮಾಡಿಸಿ ಪಟ್ಟಿ ತೆಗೆದ ಮೇಲೂ ಎರಡು ಗಂಟೆಯವರೆಗೆ ಸುಧಾರಣೆ ಉಳಿದಿತ್ತು. ನಡೆಯುವಾಗ ಗಮನವನ್ನು ಬೇರೆ ಕೆಲಸಕ್ಕೆ ಎಳೆದರೆ ಮಾತ್ರ ಹೆಜ್ಜೆ ಮತ್ತೆ ಕಿರಿದಾಗುತ್ತಿತ್ತು.

ಅಂದರೆ ಗೆರೆಯು ನಡಿಗೆಯನ್ನು ಅಭ್ಯಾಸದ ಕೈಯಿಂದ ಬಿಡಿಸಿ ಗಮನದ ಕೈಗೆ ಕೊಡುತ್ತದೆ. ಜಪಾನಿನ ಸಂಶೋಧಕರು 1999ರಲ್ಲಿ ಟ್ರೆಡ್‌ಮಿಲ್ ಮೇಲೆ ಒಮ್ಮೆ ಅಡ್ಡಗೆರೆ, ಒಮ್ಮೆ ಉದ್ದಗೆರೆ ಹಾಕಿ ರೋಗಿಗಳನ್ನು ನಡೆಸಿ ಮಿದುಳಿನ ರಕ್ತಸಂಚಾರವನ್ನು ನೋಡಿದರು. ಅಡ್ಡಗೆರೆಗಳ ಮೇಲೆ ನಡೆಯುವಾಗ, ಕಣ್ಣಿನ ಮಾಹಿತಿಯನ್ನು ಚಲನೆಗೆ ಜೋಡಿಸುವ ಮಿದುಳಿನ ಹೊರಮೈ ಭಾಗ ಹೆಚ್ಚು ಚುರುಕಾಗಿತ್ತು. ಅದೇ ವರ್ಷ ಫ್ರಾನ್ಸಿನ ತಂಡವೊಂದು ಮಿನುಗುವ ಬೆಳಕಿನಲ್ಲಿ ರೋಗಿಗಳನ್ನು ಗೆರೆಗಳ ಮೇಲೆ ನಡೆಸಿದಾಗ ಗೆರೆಯ ಪ್ರಯೋಜನ ಇಲ್ಲವಾಯಿತು. ಗೆರೆಗಳು ತಮ್ಮತ್ತ ಸರಿದು ಬರುವ ಚಲನೆಯನ್ನು ಕಣ್ಣು ಗ್ರಹಿಸಬೇಕು, ಮಿನುಗುವ ಬೆಳಕು ಅದನ್ನೇ ತುಂಡರಿಸುತ್ತದೆ. ಗಮನ ಮುಖ್ಯವೋ ಈ ಸರಿದು ಬರುವ ದೃಶ್ಯ ಮುಖ್ಯವೋ ಎಂಬ ವಾದ ಮುಗಿದಿಲ್ಲ. ನನಗೆ ಎರಡೂ ಬೇಕೆನ್ನಿಸುತ್ತದೆ. ಮನೆಯ ಮಟ್ಟಿಗೆ ಇದರಿಂದ ಸಿಗುವ ಪಾಠ ಸರಳ: ಗೆರೆ ಹಾಕಿದ ಜಾಗದಲ್ಲಿ ಸ್ಥಿರವಾದ ಒಳ್ಳೆಯ ಬೆಳಕಿರಬೇಕು. ಚಡಪಡಿಸುವ ಹಳೆಯ ಟ್ಯೂಬ್‌ಲೈಟಿನ ಕೆಳಗೆ ಟೇಪು ಅಂಟಿಸಿ ಫಲ ಕಾಣಲಿಲ್ಲ ಎನ್ನಬಾರದು.

ಮೈಸೂರಿನ ನನ್ನ ಸೋದರಮಾವನ ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಹಾಲ್‌ನಿಂದ ಅಡುಗೆಮನೆಗೆ ಹೋಗುವ ಬಾಗಿಲಲ್ಲಿ ಅವರು ನಿಲ್ಲುತ್ತಿದ್ದರು. ಅತ್ತೆ ಒಳಗಿನಿಂದ "ಬನ್ನೀ ಅಂದ್ರೆ, ಯಾಕೆ ನಿಂತ್ರಿ?" ಎಂದು ಕೈಹಿಡಿದು ಎಳೆಯುತ್ತಿದ್ದರು. ಎಳೆದಷ್ಟೂ ಮಾವನ ಹಿಮ್ಮಡಿ ಮೇಲೆದ್ದು ತುದಿಗಾಲು ನೆಲಕ್ಕೆ ಇನ್ನಷ್ಟು ಕಚ್ಚಿಕೊಳ್ಳುತ್ತಿತ್ತು. ಒಂದು ದಿನ ಮೊಮ್ಮಗ ತಮಾಷೆಗೆ ತನ್ನ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟು "ತಾತ, ನನ್ನ ಕಾಲು ದಾಟಿ ನೋಡೋಣ" ಎಂದ. ತಾತ ದಾಟಿದರು, ನಾಲ್ಕಾರು ಹೆಜ್ಜೆ ಸರಾಗವಾಗಿ ಹೋದರು. ಆಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರು ಮನೆಗೆ ಬಂದು ಬಾಗಿಲಿನ ಮುಂದೆ ಟೇಪು ಅಂಟಿಸಿಕೊಟ್ಟರು. ಗೆರೆಗಳು ಹೊಸ್ತಿಲಿಗೆ ನಿಂತರೆ ಮಾವನೂ ಕೊನೆಯ ಗೆರೆಯ ಮೇಲೇ ನಿಲ್ಲುತ್ತಿದ್ದರು. ಹೊಸ್ತಿಲ ಆಚೆಗೂ ಎರಡು ಮೂರು ಗೆರೆ ಮುಂದುವರಿಸಿದ ಮೇಲೆ ಬಾಗಿಲು ದಾಟುವುದು ಸಾಧ್ಯವಾಯಿತು. ಇಂಥ ವಿವರಗಳು ಆಸ್ಪತ್ರೆಯ ಉದ್ದನೆಯ ಕಾರಿಡಾರ್‌ನಲ್ಲಿ ತಿಳಿಯುವುದಿಲ್ಲ. ಅಲ್ಲಿ ರೋಗಿ ಎಷ್ಟೋ ಸಲ ಚೆನ್ನಾಗಿಯೇ ನಡೆದು ತೋರಿಸುತ್ತಾರೆ. ಕೆಡುವುದು ಮನೆಗೆ ಬಂದ ಮೇಲೆ.

ಗೆರೆಗಳ ಅಳತೆಗೆ ಎಲ್ಲರಿಗೂ ಒಂದೇ ಸೂತ್ರವಿಲ್ಲ. ಸಂಶೋಧಕರು ರೋಗಿಯ ಎತ್ತರದ ನೂರಕ್ಕೆ 40ರಷ್ಟನ್ನು ಅಂತರವಾಗಿ ಬಳಸಿದ್ದುಂಟು. ಐದಡಿಯ ವೃದ್ಧೆಗೆ ಅದು ಸುಮಾರು ಎರಡಡಿ ಆಗುತ್ತದೆ, ಕಾಲಿಗೆ ಬಲವಿಲ್ಲದವರಿಗೆ ಅದು ಹೆಚ್ಚು. ಒಂದೂವರೆ ಅಡಿಯಿಂದ ಶುರುಮಾಡಿ, ಹೆಜ್ಜೆ ಹಿಗ್ಗಿದಂತೆ ಅಂತರ ಹೆಚ್ಚಿಸುವುದು ಸುರಕ್ಷಿತ. ನಮ್ಮ ಮನೆಗಳ ಟೈಲ್ಸ್ ಇಲ್ಲಿ ಉಪಕಾರಿ. ಹತ್ತು ಇಂಚಿನ ಹಳೆಯ ಮೊಸಾಯಿಕ್ ಟೈಲ್ಸ್ ಆದರೆ ಎರಡಕ್ಕೊಂದು ಗೆರೆ ಸರಿಹೋಗುತ್ತದೆ. ಎರಡಡಿಯ ವಿಟ್ರಿಫೈಡ್ ಟೈಲ್ಸ್‌ನ ಸಂದುಗಳನ್ನೇ ಗೆರೆ ಮಾಡಿಕೊಳ್ಳುವುದು ಎತ್ತರದವರಿಗೆ ಮಾತ್ರ ಹೊಂದುತ್ತದೆ. ಬರೀ ಸಂದು ಸಾಲದು, ಅದು ಟೈಲ್ಸ್‌ನದೇ ಬಣ್ಣದ ಕೂದಲೆಳೆ. ಅದರ ಮೇಲೆ ಎದ್ದು ಕಾಣುವ ಬಣ್ಣ ಬೀಳಬೇಕು. ಕೆಂಪು ಕಾವಿ ನೆಲಕ್ಕೆ ಬಿಳಿ ಅಥವಾ ಹಳದಿ, ಬಿಳಿ ಟೈಲ್ಸ್‌ಗೆ ಕಡುನೀಲಿ ಅಥವಾ ಕೆಂಪು. ಚುಕ್ಕೆಚುಕ್ಕೆಯ ಗ್ರಾನೈಟ್ ಮೇಲೆ ಸಣ್ಣ ಗೆರೆ ಕಳೆದುಹೋಗುತ್ತದೆ, ಎರಡು ಇಂಚಾದರೂ ಅಗಲ ಬೇಕು. ಎಲೆಕ್ಟ್ರಿಷಿಯನ್ ಬಳಸುವ ಇನ್ಸುಲೇಷನ್ ಟೇಪು ಅಷ್ಟು ಅಗಲ ಇರುವುದಿಲ್ಲ, ಎರಡು ಮೂರು ಸಾಲು ಜೋಡಿಸಬೇಕು. ಪಾರ್ಸೆಲ್ ಕಟ್ಟುವ ನುಣುಪು ಟೇಪು ಕಾಲು ಜಾರಿಸುತ್ತದೆ. ಬಟ್ಟೆಯ ಬೆನ್ನಿನ ಟೇಪು ಎಲ್ಲಕ್ಕಿಂತ ವಾಸಿ. ಅಂಚು ಎದ್ದ ಟೇಪನ್ನು ಅಂದೇ ಬದಲಿಸಬೇಕು, ಉಜ್ಜಿಕೊಂಡು ನಡೆಯುವ ಪಾದಕ್ಕೆ ಅಷ್ಟು ಅಂಚು ಸಾಕು ಸಿಕ್ಕಿಬೀಳಲು.

ರಂಗೋಲಿ ಪುಡಿಯಲ್ಲಿ ಗೆರೆ ಎಳೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ, ಜಾರುತ್ತದೆ. ಹಗ್ಗ, ಕೋಲು, ಮರದ ಪಟ್ಟಿ ಇವು ಯಾವುವೂ ಬೇಡ. ಗೆರೆ ಕಣ್ಣಿಗೆ ಮಾತ್ರ ಅಡ್ಡ ಬರಬೇಕು, ಕಾಲಿಗೆ ಅಲ್ಲ. ತಿರುಗುವ ಜಾಗದಲ್ಲಿ ಗೆರೆಗಳನ್ನು ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿ ಹಾಕಿದರೆ, ನಿಂತಲ್ಲೇ ತಿರುಚಿಕೊಳ್ಳುವ ಬದಲು ಸುತ್ತು ಹಾಕಿ ತಿರುಗುವುದು ಬರುತ್ತದೆ. ಮಂಚದ ಪಕ್ಕದಲ್ಲಿ ಮೊದಲ ಹೆಜ್ಜೆಗೆ ಒಂದೇ ಗೆರೆ ಸಾಕು, ಜೊತೆಗೆ ರಾತ್ರಿ ಉರಿಯುವ ಸಣ್ಣ ದೀಪ. ಬಚ್ಚಲಲ್ಲಿ ಟೇಪು ನಿಲ್ಲುವುದಿಲ್ಲ. ಅಲ್ಲಿ ಗೋಡೆಗೆ ಹಿಡಿಕೆ ಹಾಕಿಸಿ, ಗೆರೆಗಳನ್ನು ಬಾಗಿಲ ಹೊರಗಿನ ಒಣ ನೆಲಕ್ಕೆ ಸೀಮಿತ ಮಾಡುವುದೇ ಸರಿ. ಇಡೀ ಮನೆಗೆ ಗೆರೆ ಬಳಿಯುವ ಉತ್ಸಾಹ ಕೆಲವರಿಗೆ ಬರುತ್ತದೆ. ಎಲ್ಲೆಲ್ಲೂ ಗೆರೆ ಇದ್ದರೆ ಯಾವುದರ ಮೇಲೂ ಗಮನ ನಿಲ್ಲುವುದಿಲ್ಲ. ಕಾಲು ಕಚ್ಚಿಕೊಳ್ಳುವ ಜಾಗಗಳನ್ನು ಒಂದು ವಾರ ಗುರುತಿಸಿಕೊಂಡು ಅಲ್ಲಿ ಮಾತ್ರ ಹಾಕಬೇಕು. ಫಲ ಇದೆಯೋ ಇಲ್ಲವೋ ಎಂದು ತಿಳಿಯಲು ಒಂದೇ ದೂರವನ್ನು ಗೆರೆಯೊಂದಿಗೆ ಮತ್ತು ಗೆರೆಯಿಲ್ಲದೆ ನಡೆಸಿ, ಹೆಜ್ಜೆ ಎಣಿಸಿ, ಸಮಯ ನೋಡಬೇಕು. ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲೂ ಇಳಿದ ಹೊತ್ತಿನಲ್ಲೂ ನೋಡಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು. ಹೆಜ್ಜೆಯ ಸಂಖ್ಯೆ ಕಡಿಮೆಯಾದರೆ ಗೆರೆ ಕೆಲಸ ಮಾಡುತ್ತಿದೆ ಎಂದರ್ಥ.

ಮನೆಯ ಹೊರಗೆ ಟೇಪು ಜೊತೆಗೆ ಬರುವುದಿಲ್ಲ. ಅದಕ್ಕಾಗಿ ರೋಗಿಯೊಂದಿಗೇ ಚಲಿಸುವ ಗೆರೆಯ ಹುಡುಕಾಟ ನಡೆದಿದೆ. ಊರುಗೋಲನ್ನು ತಲೆಕೆಳಗು ಹಿಡಿದು ಅದರ ಹಿಡಿಕೆಯನ್ನು ಕಾಲ ಮುಂದೆ ತಂದು ದಾಟುವ ಉಪಾಯ ಹಳೆಯದು, ಆದರೆ ಹಿಡಿಕೆಗೇ ಎಡವುವ ಅಪಾಯವಿದೆ. ಲೇಸರ್ ಗೆರೆ ಬೀರುವ ಊರುಗೋಲು ಮತ್ತು ವಾಕರ್‌ಗಳು ಬಂದಿವೆ. 2000ದಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಇಂಥ ಕೋಲುಗಳು ಒಟ್ಟಾರೆ ಗುಂಪಿಗೆ ಉಪಯೋಗವಾಗಲಿಲ್ಲ, ಕೆಲವು ವ್ಯಕ್ತಿಗಳಿಗೆ ಮಾತ್ರ ಆಯಿತು. ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡ ಲೇಸರ್ ಚಪ್ಪಲಿಯ ಫಲಿತಾಂಶ ಹೆಚ್ಚು ಆಶಾದಾಯಕ. ಒಂದು ಕಾಲು ಊರಿದಾಗ ಇನ್ನೊಂದು ಕಾಲಿನ ಮುಂದೆ ಗೆರೆ ಬೀಳುವಂತೆ ಮಾಡಿದ ಆ ಸಾಧನವನ್ನು 21 ರೋಗಿಗಳ ಮೇಲೆ ಪರೀಕ್ಷಿಸಿದಾಗ, ಮಾತ್ರೆಯ ಪ್ರಭಾವ ಇಲ್ಲದ ಹೊತ್ತಿನಲ್ಲಿ ಕಾಲು ಕಚ್ಚುವ ಪ್ರಸಂಗಗಳು ನೂರಕ್ಕೆ ಸುಮಾರು 46ರಷ್ಟು, ಪ್ರಭಾವ ಇರುವಾಗ ಸುಮಾರು 38ರಷ್ಟು ಇಳಿದವು. ಒಳ್ಳೆಯ ಅಂಕಿಗಳೇ, ಆದರೆ ಚಿಕ್ಕ ಗುಂಪು, ಪ್ರಯೋಗಾಲಯದ ನಡಿಗೆ. ವಾಕರ್ ಬಳಸುವವರಿಗೆ ಅದರ ಹಿಂಬದಿಯ ಎರಡು ಕಾಲುಗಳ ನಡುವಿನ ನೆಲವನ್ನು ಗೆರೆ ಎಂದು ಭಾವಿಸಿ ದಾಟುವ ಅಭ್ಯಾಸ ಮಾಡಿಸಿದರೂ ಉಪಯೋಗವಿದೆ. ಬೀದಿಯಲ್ಲಿ ಜೀಬ್ರಾ ಪಟ್ಟಿ ಕಂಡರೆ ಕೆಲವರ ನಡಿಗೆ ಅಲ್ಲಿ ಚೆನ್ನಾಗುತ್ತದೆ, ದಾಟಿ ಮುಗಿದು ಫುಟ್‌ಪಾತ್ ಬಂದಾಗ ಮತ್ತೆ ನಿಲ್ಲುತ್ತಾರೆ. ಕಾಯುವ ವಾಹನಗಳ ಹಾರ್ನ್ ಕೇಳಿ ಗಾಬರಿಯಾದರೆ ಪಟ್ಟಿಯ ನಡುವೆಯೂ ನಿಲ್ಲಬಹುದು.

ಸೂಚನೆ ಕೊಟ್ಟು ನಡೆಸುವ ತರಬೇತಿಯ ದೊಡ್ಡ ಪರೀಕ್ಷೆ ಯೂರೋಪಿನ ಮೂರು ದೇಶಗಳಲ್ಲಿ ನಡೆದು 2007ರಲ್ಲಿ ಪ್ರಕಟವಾಯಿತು. 153 ರೋಗಿಗಳಿಗೆ ಅವರ ಮನೆಯಲ್ಲೇ ಮೂರು ವಾರ ತರಬೇತಿ. ಶಬ್ದ, ಬೆಳಕು, ಕಂಪನ ಇವುಗಳಲ್ಲಿ ಹಿಡಿಸಿದ್ದನ್ನು ಅವರೇ ಆರಿಸಿಕೊಂಡರು. ನಡಿಗೆ ಸುಧಾರಿಸಿತು, ಸುಧಾರಣೆ ಚಿಕ್ಕದಾಗಿತ್ತು, ತರಬೇತಿ ನಿಂತು ಕೆಲವು ವಾರಗಳಾದ ಮೇಲೆ ಬಹುಮಟ್ಟಿಗೆ ಕರಗಿತು. ಇದನ್ನು ಸೋಲೆಂದು ಓದುವವರಿದ್ದಾರೆ, ನಾನು ಹಾಗೆ ಓದುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಅದರ ಗುಣವೂ ನಿಲ್ಲುತ್ತದೆ. ಗೆರೆ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಇರುವಷ್ಟು ಹೊತ್ತು ನಡೆಸುತ್ತದೆ. ಯೂರೋಪಿನ 2014ರ ಫಿಸಿಯೋಥೆರಪಿ ಮಾರ್ಗಸೂಚಿ ಇದನ್ನು ಶಿಫಾರಸು ಮಾಡಿದೆ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಅಂಕಿ. ನೆದರ್ಲೆಂಡ್ಸ್‌ನ ತಂಡವೊಂದು 2021ರಲ್ಲಿ ಪ್ರಕಟಿಸಿದ, ನಡಿಗೆಯ ತೊಂದರೆಯಿರುವ 4,324 ರೋಗಿಗಳ ಸಮೀಕ್ಷೆಯಲ್ಲಿ, ಇಂಥ ಉಪಾಯಗಳ ಬಗ್ಗೆ ಕೇಳಿಯೇ ಇರದವರು ನೂರಕ್ಕೆ 17. ಒಬ್ಬರಿಗೆ ಗೆರೆ, ಇನ್ನೊಬ್ಬರಿಗೆ ತಾಳ, ಮತ್ತೊಬ್ಬರಿಗೆ ಮನಸ್ಸಿನಲ್ಲೇ ಎಣಿಸುವುದು ಕೈಹಿಡಿಯುತ್ತದೆ ಎಂದೂ ಅದು ತೋರಿಸಿತು. ಕಾಲನ್ನು ಹೊರಡಿಸುವ ದಾರಿ ಗೆರೆಯೊಂದೇ ಅಲ್ಲ: ಅದೇ ದೇಶದ ನೈಮೇಖನ್‌ನಲ್ಲಿ, ಎರಡು ಹೆಜ್ಜೆ ನಡೆಯಲಾಗದ ಒಬ್ಬ ರೋಗಿ ಸೈಕಲ್ ಹತ್ತಿ ಸರಾಗವಾಗಿ ತುಳಿದು ಹೋದದ್ದನ್ನು ವೈದ್ಯರು 2010ರಲ್ಲಿ ವರದಿ ಮಾಡಿದ್ದರು.

ಗೆರೆ ಎಲ್ಲರಿಗೂ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಪಾರ್ಕಿನ್ಸನ್ನಿನಂತೆ ಕಾಣುವ ಪಿಎಸ್‌ಪಿ ಎಂಬ ಕಾಯಿಲೆಯಲ್ಲಿ ಕಣ್ಣನ್ನು ಕೆಳಕ್ಕೆ ಹೊರಳಿಸುವುದೇ ಕಷ್ಟವಾಗುತ್ತದೆ. ಅಂಥವರಿಗೆ ನೆಲದ ಗೆರೆ ಕಾಣುವುದೇ ಇಲ್ಲ, ತಲೆ ಬಗ್ಗಿಸಿ ಹುಡುಕಹೋದರೆ ಬೀಳುತ್ತಾರೆ. ಮಿದುಳಿನಲ್ಲಿ ನೀರು ತುಂಬಿ ನಡಿಗೆ ಕೆಡುವ ಕಾಯಿಲೆಯಲ್ಲಿ ಗೆರೆಯ ಫಲ ತೀರಾ ಕಡಿಮೆ. ಮರೆವಿನ ಕಾಯಿಲೆ ಜೊತೆಗಿದ್ದರೆ ಕಪ್ಪು ಪಟ್ಟಿ ಹಳ್ಳದಂತೆ ಕಂಡು ಹೆದರಿಸಬಹುದು. ಪೊರೆ ಬಂದ ಕಣ್ಣಿಗೆ ಮೊದಲು ಶಸ್ತ್ರಚಿಕಿತ್ಸೆ ಆಗಬೇಕು. ಆದ್ದರಿಂದ ಟೇಪು ತರುವ ಮೊದಲು ನರವೈದ್ಯರಲ್ಲಿ ಕಾಯಿಲೆ ಯಾವುದೆಂದು ಖಚಿತ ಮಾಡಿಕೊಳ್ಳುವುದು, ಮಾತ್ರೆಯ ಹೊತ್ತು ಮತ್ತು ಪ್ರಮಾಣ ಸರಿಯಿದೆಯೇ ಎಂದು ನೋಡಿಸುವುದು ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಚಲನೆಯ ಕಾಯಿಲೆಗಳ ತಜ್ಞರಿದ್ದಾರೆ. ಆದರೆ ದೂರದ ಊರಿನಿಂದ ಬಂದು ಹೋಗುವ ಕುಟುಂಬ ಮಾತ್ರೆಯ ಚೀಟಿಯೊಂದಿಗೆ ಊರಿಗೆ ಮರಳುತ್ತದೆ. ಆ ಚೀಟಿಯ ಜೊತೆ ನೆಲದ ಗೆರೆಯ ಬಗ್ಗೆ ಕನ್ನಡದಲ್ಲಿ ಒಂದು ಪುಟ, ತಾಲ್ಲೂಕು ಮಟ್ಟದಲ್ಲಿ ಒಮ್ಮೆ ಮನೆಗೆ ಬಂದು ನೋಡುವ ಫಿಸಿಯೋಥೆರಪಿಸ್ಟ್ ಇದ್ದರೆ ಎಷ್ಟೋ ಬೀಳುವಿಕೆ ತಪ್ಪೀತು. ಇದು ದುಬಾರಿ ಯಂತ್ರ ಬೇಡುವ ಸೇವೆಯಲ್ಲ, ಹಾಗಿದ್ದೂ ಸಿಗುತ್ತಿಲ್ಲ ಎಂಬುದೇ ಸಂಕಟ.

ಗೆರೆ ಇಲ್ಲದ ಕಡೆ ಕಾಲು ಕಚ್ಚಿಕೊಂಡರೆ ಜೊತೆಗಿರುವವರು ಎಳೆಯಬಾರದು, ಹಿಂದಿನಿಂದ ನೂಕಬಾರದು, ಬೇಗ ಬೇಗ ಎನ್ನಬಾರದು. ಮೊದಲು ಪೂರ್ತಿ ನಿಲ್ಲಲು ಹೇಳಬೇಕು, ಹಿಮ್ಮಡಿ ನೆಲಕ್ಕೆ ಊರಿಸಬೇಕು. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಬದಲಿಸಲು ಹೇಳಬೇಕು. ಆಮೇಲೆ ಪಕ್ಕದಲ್ಲಿ ನಿಂತು, ಅವರ ಪಾದದಿಂದ ಅರ್ಧ ಅಡಿ ಮುಂದೆ ತಮ್ಮ ಪಾದವನ್ನು ಅಡ್ಡ ಇಟ್ಟು, ಇದನ್ನು ದಾಟಿ ಎನ್ನಬೇಕು. ದಾಟಲು ಕಾಲೆತ್ತಿದ ಕ್ಷಣದಲ್ಲಿ ತಮ್ಮ ಪಾದವನ್ನು ಹಿಂದಕ್ಕೆ ಸರಿಸಿಕೊಂಡು, ತೋಳಿಗೆ ಆಸರೆಯಾಗಿ ಜೊತೆಯಲ್ಲೇ ಹೊರಡಬೇಕು.